ಫೈರ್‌ವಾಲ್ ಆಫ್ ಮಾಡದೆ ಫೈಲ್ ಕಳಿಸಲು: ಎಫ್‌ಟಿಪಿ, ಎಸ್‌ಎಂಬಿ, ಎಸ್‌ಎಫ್‌ಟಿಪಿ

ಎಫ್‌ಟಿಪಿ, ಎಸ್‌ಎಂಬಿ, ಎಸ್‌ಎಫ್‌ಟಿಪಿ ಅಂದರೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಕಳಿಸುವ ಮೂರು ವಿಧಾನಗಳು. ಒಂದೇ ನೆಟ್‌ವರ್ಕ್‌ನ ವಿಂಡೋಸ್ ಮತ್ತು ಲಿನಕ್ಸ್ ಕಂಪ್ಯೂಟರ್‌ಗಳ ನಡುವೆ ಈ ಮೂರನ್ನೂ ಬಳಸಿ ನೋಡಿದ್ದೇನೆ. ವೇಗ ನನಗೆ ಅಷ್ಟು ಮುಖ್ಯವಲ್ಲ. ಎರಡೂ ಕಡೆ ಫೈರ್‌ವಾಲ್ (ಬೇಡದ ಕನೆಕ್ಷನ್‌ಗಳನ್ನು ತಡೆಯುವ ಕಾವಲು) ಆನ್ ಇರುವಾಗಲೇ ಕೆಲಸ ಆಗಬೇಕು, ತೆರೆಯುವ ಪೋರ್ಟ್‌ಗಳು (ಕನೆಕ್ಷನ್ ಒಳಬರುವ, ನಂಬರ್ ಇರುವ ಬಾಗಿಲುಗಳು) ಕಡಿಮೆ ಇರಬೇಕು. ನನ್ನ ಅಳತೆ ಅಷ್ಟೇ.

ಜಾಸ್ತಿ ಕಾಡಿದ್ದು ಎಫ್‌ಟಿಪಿ. 21ನೇ ಪೋರ್ಟ್ ತೆರೆದರೆ ಲಾಗಿನ್ ಸಲೀಸಾಗಿ ಆಗುತ್ತದೆ. ಆದರೆ ಫೋಲ್ಡರ್‌ನಲ್ಲಿ ಏನಿದೆ ಎಂದು ಕೇಳಿದ ಕೂಡಲೇ ಸುಮ್ನೆ ನಿಂತುಬಿಡುತ್ತದೆ. 21ರಲ್ಲಿ ಓಡಾಡುವುದು ಕಮಾಂಡ್‌ಗಳು ಮಾತ್ರ. ಪಟ್ಟಿಗೂ ಫೈಲಿಗೂ ಬೇರೆ ಕನೆಕ್ಷನ್ ಬೇಕು. ಪ್ಯಾಸಿವ್ ಮೋಡ್‌ನಲ್ಲಿ ಅದಕ್ಕೆ ಯಾವ ಪೋರ್ಟ್ ಅನ್ನೋದನ್ನು ಸರ್ವರ್ ಪ್ರತಿ ಸಲ ಹೇಳುತ್ತದೆ. ಸರ್ವರ್‌ನಲ್ಲಿ 50000ದಿಂದ 50020ರವರೆಗೆ ಎಂದು ಮಿತಿ ಹಾಕಿ, ಅಷ್ಟನ್ನೂ ಫೈರ್‌ವಾಲ್‌ನಲ್ಲಿ ತೆರೆದ ಮೇಲೆ ಫೈಲ್ ಬಂತು. ಕೆಲವು ಫೈರ್‌ವಾಲ್‌ಗಳು ಎಫ್‌ಟಿಪಿ ಮಾತುಕತೆ ಓದಿ ತಾವೇ ದಾರಿ ಬಿಡುತ್ತವೆ, ನಿಜ. ಎನ್‌ಕ್ರಿಪ್ಷನ್ (ಬೇರೆಯವರು ಓದದಂತೆ ಮರೆಮಾಡುವುದು) ಹಾಕಿದರೆ ಅವುಗಳಿಗೆ ಏನೂ ಕಾಣುವುದಿಲ್ಲ. ಹಾಕದಿದ್ದರೆ ಪಾಸ್‌ವರ್ಡ್ ಎಲ್ಲರಿಗೂ ಕಾಣುವಂತೆ ಹೋಗುತ್ತದೆ. ಇಷ್ಟೆಲ್ಲ ಯಾಕೆ ಬೇಕು, ಅಲ್ವಾ?

ಎಸ್‌ಎಂಬಿ ಅಂದರೆ ವಿಂಡೋಸ್‌ನ ಫೋಲ್ಡರ್ ಶೇರಿಂಗ್. ಟಿಸಿಪಿ 445ನೇ ಪೋರ್ಟ್ ಒಂದೇ ಸಾಕು. 137ರಿಂದ 139 ನೆಟ್‌ಬಯಾಸ್ ಎಂಬ ಹಳೆಯ ಪದ್ಧತಿಯವು, ಐಪಿ ವಿಳಾಸ ಕೊಟ್ಟು ಕನೆಕ್ಟ್ ಆಗುವವರಿಗೆ ಬೇಕಿಲ್ಲ. ಶೇರ್ ಮಾಡಿದ ಫೋಲ್ಡರ್ ತೆರೆಯದಿದ್ದರೆ ಮೊದಲು ನೆಟ್‌ವರ್ಕ್ ಪ್ರೊಫೈಲ್ ನೋಡಿ. ಅದು ಪಬ್ಲಿಕ್ ಎಂದಿದ್ದರೆ ವಿಂಡೋಸ್ ಸಾಮಾನ್ಯವಾಗಿ ಶೇರಿಂಗ್ ತಡೆಯುತ್ತದೆ. ನಿಮ್ಮದೇ ನೆಟ್‌ವರ್ಕ್ ಆದರೆ ಪ್ರೈವೇಟ್ ಮಾಡಿ. ಪಬ್ಲಿಕ್ ಪ್ರೊಫೈಲ್‌ನ ನಿಯಮವನ್ನು ಸಡಿಲಿಸಲೇಬೇಡಿ. ರೂಟರ್‌ನಿಂದ ಹೊರಗೆ 445 ತೆರೆಯಲೇಬಾರದು. 2017ರ ಮೇ ತಿಂಗಳಲ್ಲಿ ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಇದೇ ಪೋರ್ಟ್‌ನಲ್ಲಿ, ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷ ಹಿಡಿದು.

ನನಗೆ ಒಗ್ಗಿದ್ದು ಎಸ್‌ಎಫ್‌ಟಿಪಿ. ಹೆಸರು ಹತ್ತಿರ ಇದ್ದರೂ ಎಫ್‌ಟಿಪಿಗೂ ಇದಕ್ಕೂ ಸಂಬಂಧವಿಲ್ಲ. ಇದು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೇಲೆ ಓಡುತ್ತದೆ. 22ನೇ ಪೋರ್ಟ್ ಒಂದರಲ್ಲೇ ಕಮಾಂಡು, ಪಟ್ಟಿ, ಫೈಲು ಎಲ್ಲ ಎನ್‌ಕ್ರಿಪ್ಟ್ ಆಗಿ ಹೋಗುತ್ತವೆ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲೂ ಇದಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಚ್ ಸರ್ವರ್ ಹಾಕಿಕೊಳ್ಳಬಹುದು. ಕೊರತೆ ಒಂದಿದೆ: ಶೇರ್ಡ್ ಫೋಲ್ಡರ್‌ನಂತೆ ಫೈಲನ್ನು ಅಲ್ಲೇ ತೆರೆದು ತಿದ್ದುವುದು ಅಷ್ಟು ಸುಲಭವಲ್ಲ. ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ತರಹದ ಫೈಲ್ ಕಳಿಸುವ ಪ್ರೋಗ್ರಾಂ ಬೇಕು. ದಿನವಿಡೀ ಒಂದೇ ಫೋಲ್ಡರ್‌ನಲ್ಲಿ ಹಲವರು ಕೆಲಸ ಮಾಡುವುದಾದರೆ ನಾನೂ ಎಸ್‌ಎಂಬಿಯನ್ನೇ ಹಾಕುತ್ತೇನೆ.

ಯಾವುದನ್ನೇ ಆರಿಸಿ, ನಿಯಮ ಬರೆಯುವಾಗ ಎಲ್ಲಿಂದ ಬರುವವರಿಗೆ ಅನುಮತಿ ಅನ್ನೋದನ್ನು ಖಾಲಿ ಬಿಡಬೇಡಿ. ಅಲ್ಲಿ 192.168.1.0/24 (192.168.1ರಿಂದ ಶುರುವಾಗುವ ಎಲ್ಲ ವಿಳಾಸಗಳು) ತರಹ ನಿಮ್ಮ ಒಳ ನೆಟ್‌ವರ್ಕ್‌ನ ವಿಳಾಸ ಹಾಕಿ. ವಿಂಡೋಸ್‌ನಲ್ಲಿ ಈ ಜಾಗ ಸಿಗುವುದು ನಿಯಮದ ಸ್ಕೋಪ್ ಟ್ಯಾಬ್‌ನಲ್ಲಿ.