ರಂಗೋಲಿ ಹಾಕೋಕೆ ಕೂರಲಾಗದ ಕಾಲು, 8 ಸಿಟ್ಟಿಂಗ್ ಫಿಸಿಯೋ

ಮೆಟ್ಟಿಲ ಮೇಲೆ ಜಾರಿ ಬಲಗಾಲಿನ ಆಂಕಲ್ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. 6 ವಾರ ಪ್ಲಾಸ್ಟರ್. "ಪುತ್ತೂರು ಕಟ್ಟು ಹಾಕಿಸಿದ್ರೆ ಇಷ್ಟೊತ್ತಿಗೆ ಓಡಾಡ್ತಿದ್ದೆ" ಅಂತ ಅತ್ತೆ ದಿನಾ ಒಂದು ಸಲ ಹೇಳೋರು. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಚೆನ್ನಾಗಿ ಕೂಡಿದೆ ಅಂದರು. ಸರಿ, ಆದರೆ ಪಾದ ಮೇಲಕ್ಕೆ ಮಡಚುತ್ತಲೇ ಇರಲಿಲ್ಲ. ಮೆಟ್ಟಿಲು ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ. ರಂಗೋಲಿ ಹಾಕೋಕೆ ಕುಕ್ಕರಗಾಲಲ್ಲಿ ಕೂತರೆ ಬಲಗಾಲಿನ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು, ಒಂದು ದಿನ ಪುಡಿ ಡಬ್ಬದ ಸಮೇತ ಹಿಂದಕ್ಕೆ ಬಿದ್ದೆ.

ಮೊದಲು ಹೋದ ಕಡೆ 10 ದಿನ ಸುಮ್ನೆ ಮೆಷಿನ್ ಇಟ್ಟರು. ಜುಮ್ ಅನ್ನಿಸುವ ಕರೆಂಟು, 20 ನಿಮಿಷ, ಆಮೇಲೆ ಬಿಲ್ಲು. ಕಾಲನ್ನು ಯಾರೂ ಕೈಯಲ್ಲಿ ಮುಟ್ಟಲೇ ಇಲ್ಲ.

ಈಗ ಹೇಳಬೇಕಿರುವುದು ಎರಡನೇ ಜಾಗದ ಬಗ್ಗೆ. ಪುಟ್ಟ ಕ್ಲಿನಿಕ್, ಎರಡೇ ಮಂಚ. ಫಿಸಿಯೋ ಹುಡುಗಿ ಮೊದಲು ಎಕ್ಸ್‌ರೇ ನೋಡಿದಳು, ಆಮೇಲೆ ಗೋಡೆ ಹತ್ತಿರ ನಿಲ್ಲಿಸಿದಳು. ನೆಲಕ್ಕೆ ಅಳತೆ ಟೇಪು ಅಂಟಿಸಿದ್ದರು. ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ಮುಟ್ಟಿಸಬೇಕು, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇರಬಹುದು ಅನ್ನುವುದೇ ಲೆಕ್ಕ. ಎಡಗಾಲು 11 ಸೆಂ.ಮೀ., ಬಲಗಾಲು 4. "ಆಂಟಿ, ಹಿಂದೆ ಮೀನಖಂಡ ಎಳೀತಾ, ಮುಂದೆ ಹಿಡಿದ ಹಾಗಾಗುತ್ತಾ?" ಅಂದಳು. (ಆಂಟಿ ಅಂದಿದ್ದನ್ನು ಕ್ಷಮಿಸಿದ್ದೇನೆ.) ಮುಂದೆ ಹಿಡಿಯುತ್ತೆ ಅಂದೆ. ಹಾಗಾದರೆ ಬರೀ ಸ್ಟ್ರೆಚ್ ಮಾಡಿದರೆ ಸಾಲದು, ಕೀಲೇ ಬಿಗಿದಿದೆ ಅಂದಳು. ಪಾದ ಮೇಲಕ್ಕೆ ಮಡಚುವಾಗ ಆಂಕಲ್ ಕೀಲಿನೊಳಗಿರುವ ಟೇಲಸ್ ಅನ್ನುವ ಮೂಳೆ ಸ್ವಲ್ಪ ಹಿಂದಕ್ಕೆ ಜಾರಬೇಕಂತೆ. ಆ ಮೂಳೆಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ, ಹಾಗಾಗಿ ನೇರವಾಗಿ ಎಳೆದು ಜಾರಿಸುವವರು ಯಾರೂ ಇಲ್ಲ.

ನನ್ನನ್ನು ಮಲಗಿಸಿ, ಹೆಬ್ಬೆರಳು ತೋರುಬೆರಳಿನ ನಡುವಿನ ಜಾಗವನ್ನು ಆಂಕಲ್ ಮುಂದಿನ ಮಡಿಕೆಗೆ ಇಟ್ಟು, ಸಣ್ಣಗೆ ಲಯವಾಗಿ ಹಿಂದಕ್ಕೆ ಒತ್ತುತ್ತಾ ಹೋದಳು. ಲಟ್ ಅಂತ ನೆಟಿಗೆ ತೆಗೆಯುವುದೇನೂ ಇಲ್ಲ. ಆಮೇಲೆ ಬೆಲ್ಟ್ ಸರದಿ. ಸ್ಟೂಲಿನ ಮೇಲೆ ಕಾಲಿಟ್ಟು ನಾನು ಮುಂದಕ್ಕೆ ಬಾಗಬೇಕು, ಹಿಮ್ಮಡಿಗಿಂತ ಸ್ವಲ್ಪ ಮೇಲೆ ಸುತ್ತಿದ ಬೆಲ್ಟನ್ನು ಅವಳು ಹಿಂದಿನಿಂದ ಮುಂದಕ್ಕೆ ಎಳೆಯುತ್ತಾ ಟೇಲಸ್ ಅನ್ನು ಕೈಯಲ್ಲಿ ಹಿಂದಕ್ಕೆ ತಡೆದಿರುತ್ತಾಳೆ. ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ಅನ್ನುವ ಫಿಸಿಯೋ ರೂಪಿಸಿದ ವಿಧಾನವಂತೆ, ನೋವಾದರೆ ತಕ್ಷಣ ಹೇಳಬೇಕು, ನೋವಿಲ್ಲದೆ ಮಾಡುವುದೇ ಅದರ ನಿಯಮ. ಮುಗಿದ ಮೇಲೆ ಗೋಡೆ ಹತ್ತಿರ ಮತ್ತೆ ಅಳೆದರೆ 6 ಸೆಂ.ಮೀ.!

ಮೂರು ದಿನ ಬಿಟ್ಟು ಹೋದಾಗ 4.5. ನನಗೆ ಸಿಟ್ಟೇ ಬಂತು. "ಮನೇಲಿ ಮಾಡಿದ್ರಾ?" ಅಂದಳು. ಮಾಡಿರಲಿಲ್ಲ. ಕೈಯಿಂದ ಸಡಿಲ ಮಾಡಿದ್ದನ್ನು ಅವತ್ತಿಂದಲೇ ಬಳಸದಿದ್ದರೆ ಮತ್ತೆ ಬಿಗಿಯುತ್ತೆ ಅಂತ ಸರಿಯಾಗಿ ಬೈದಳು. ಆಮೇಲೆ ಕುಕ್ಕರ್ ಕೂಗುವವರೆಗೆ ಅಡುಗೆಮನೆ ಗೋಡೆಗೆ ಮೊಣಕಾಲು ಮುಟ್ಟಿಸುವುದೇ ಕೆಲಸ. 8 ಸಿಟ್ಟಿಂಗ್ ಆದ ಮೇಲೆ 9 ಸೆಂ.ಮೀ. ಇದೆ. ಹಿಮ್ಮಡಿ ನೆಲದಲ್ಲೇ ಇರುತ್ತೆ, ಆದರೆ ದೊಡ್ಡ ರಂಗೋಲಿಗೆ ಇನ್ನೂ ಮಧ್ಯೆ ಎದ್ದು ನಿಲ್ಲಬೇಕು.

ಒಂದು ಸಿಟ್ಟಿಂಗಿಗೆ 500 ರೂಪಾಯಿ, ಜಾಸ್ತಿ ಅನ್ನಿಸಲಿಲ್ಲ. ಆದರೆ 5 ಗಂಟೆ ಅಂದರೆ 5.40. ಪಾರ್ಕಿಂಗ್ ಇಲ್ಲ, ಲಿಫ್ಟ್ ಇಲ್ಲ, ಕಾಲು ಕುಂಟುವವರು ಬರುವ ಜಾಗ ಮೊದಲ ಮಹಡಿಯಲ್ಲಿ! ಹೋಗುವುದಾದರೆ ಬಿಗಿ ಚೂಡಿದಾರ್ ಬೇಡ, ಮೊಣಕಾಲಿನವರೆಗೆ ಮಡಚಲು ಬರುವ ಸಡಿಲ ಪ್ಯಾಂಟ್ ಹಾಕಿಕೊಳ್ಳಿ. ಮೊದಲ ದಿನ ನಾನು ಒದ್ದಾಡಿದ್ದು ಅದಕ್ಕೇ.