ನಿಂತುಹೋಗಿದ್ದ ಪದ್ಮಿನಿಗೆ ಕುರ್ಲಾದ ಗ್ಯಾರೇಜು

ಹಳೇ ಕಾರಿನ ಎಂಜಿನ್ ಕೆಲಸ ಮುಂಬೈಯಲ್ಲಿ ಯಾರಿಗೆ ಕೊಡಬಹುದು ಅಂತ ಯಾರೇ ಕೇಳಲಿ, ನಾನು ಹೇಳುವುದು ಒಂದೇ ಜಾಗ. ಕುರ್ಲಾ ಪಶ್ಚಿಮದಲ್ಲಿ ಸಿ.ಎಸ್.ಟಿ. ರೋಡ್‌ನಿಂದ ಒಳಗೆ ಹೊಕ್ಕರೆ ಸಿಗುವ ಬೋರ್ಡಿಲ್ಲದ ಗ್ಯಾರೇಜು. ನಡೆಸುವವರು ವಿಜಯಪುರದ ಕಡೆಯವರು. ಕೆಲಸದ ಹುಡುಗರಿಗೆ ಅವರು ಉಸ್ತಾದ್, ಈಗ ನನಗೂ.

ಕಾರು ಅಪ್ಪನದು, 1986ರ ಪ್ರೀಮಿಯರ್ ಪದ್ಮಿನಿ. ಹುಟ್ಟಿದ್ದೂ ಇದೇ ಕುರ್ಲಾದ ಕಾರ್ಖಾನೆಯಲ್ಲಿ. ಅಪ್ಪ ಹೋದ ಮೇಲೆ ಚೆಂಬೂರಿನ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ತಾಡಪಾಲು ಹೊದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ಗುಜರಿಗೆ ಹಾಕಿ ಅಂತ ಸೊಸೈಟಿಯವರ ವರಾತ.

ಮೊದಲು ಬಂದ ಬೇರೊಬ್ಬ ಮೆಕ್ಯಾನಿಕ್ ಹೊಸ ಬ್ಯಾಟರಿ ಕಟ್ಟಿ ನೇರ ಸೆಲ್ಫ್ ಹೊಡೆಯಲು ಹೊರಟಿದ್ದ, ನಾನೇ ತಡೆದೆ. ಉಸ್ತಾದ್ ಬಾನೆಟ್ ಎತ್ತಿ ನೋಡಿ, "ಅಕ್ಕಾರ, ಚಾವಿ ನಿಮ್ಮ ಕಡೇನ ಇರ್ಲಿ. ಈಗ ನನಗದು ಬ್ಯಾಡ" ಅಂದರು. ಆ ಮಾತಿಗೇ ಗಾಡಿ ಒಪ್ಪಿಸಿದೆ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಂಡಿರುತ್ತವೆ, ಆಯಿಲ್ ಪೂರ್ತಿ ಕೆಳಗಿಳಿದು ಬೇರಿಂಗು ಒಣಗಿರುತ್ತವೆ. ಸೆಲ್ಫ್‌ನ ಜೋರಿಗೆ ರಿಂಗು ಮುರಿದರೆ ಬೋರೂ ಗೀರಿಹೋಗುತ್ತದೆ.

ನಾಲ್ಕೂ ಪ್ಲಗ್ ಬಿಚ್ಚಿದರು. ಆಟೊಮ್ಯಾಟಿಕ್ ಗೇರಿಗೆ ಹಾಕುವ ಎ.ಟಿ.ಎಫ್. ಆಯಿಲ್‌ಗೆ ಸ್ವಲ್ಪ ಡೀಸೆಲ್ ಬೆರೆಸಿ ಒಂದೊಂದು ಸಿಲಿಂಡರಿಗೂ ಬಿಟ್ಟು, ನೆನೆಯಲಿ ಅಂತ ಹಾಗೇ ಬಿಟ್ಟರು. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದನೆಯ ಪಾನಾ ಹಾಕಿ ಕೈಯಲ್ಲೇ ತಿರುಗಿಸತೊಡಗಿದರು. ಕೂದಲೆಳೆಯಷ್ಟು ಮುಂದೆ, ಮತ್ತೆ ಹಿಂದೆ, ಮತ್ತೆ ಇನ್ನಷ್ಟು ಆಯಿಲ್. ಎಲ್ಲೂ ಬಲ ಹಾಕಲಿಲ್ಲ. ಫ್ಯಾನಿನ ರೆಕ್ಕೆ ಎರಡು ಬೆರಳಷ್ಟು ಸರಿದದ್ದು ಕಂಡಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಎಂಜಿನ್ನಿನಡಿಯ ಆಯಿಲ್ ಚೇಂಬರ್ ಇಳಿಸಿದರೆ ತಳದಲ್ಲಿ ಕಪ್ಪು ಗಸಿ. ಟ್ಯಾಂಕಿನ ಪೆಟ್ರೋಲು ಅರಗಿನಂತೆ ಅಂಟಾಗಿತ್ತು. ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಿ ಜೆಟ್‌ಗಳನ್ನು ತೊಳೆದರು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಮನ್ನೂ ಬದಲಿಸಿದರು. ಇದನ್ನು ಮಾಡಿ ಅಂತ ನಾನು ಕೇಳಿರಲೇ ಇಲ್ಲ.

ಚಾವಿ ಕೇಳಿದ್ದು ಇಷ್ಟೆಲ್ಲ ಆದ ಮೇಲೆ. ಆಗಲೂ ಪ್ಲಗ್ ಹಾಕದೆ, ಆಯಿಲ್ ದೀಪ ಆರುವವರೆಗೆ ಬರೀ ಸೆಲ್ಫ್ ತಿರುಗಿಸಿದರು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದಾಗ ಮೂರು ಸಿಲಿಂಡರ್ 110 ಪಿ.ಎಸ್.ಐ. ಆಸುಪಾಸು, ಒಂದು ಮಾತ್ರ 80. ಅದಕ್ಕೆ ತುಸು ಆಯಿಲ್ ಬಿಟ್ಟು ಮತ್ತೆ ನೋಡಿದರೆ ಏರಿತು. ಅಂದರೆ ವಾಲ್ವ್ ಚೆನ್ನಾಗಿದೆ, ತೊಂದರೆ ಇರುವುದು ರಿಂಗಿನಲ್ಲಿ. ಸಿಲಿಂಡರ್ ಕೊರೆಸಿ ಬೋರಿಂಗ್ ಮಾಡಿಸಿ ಅಂದಿದ್ದರೆ ನಾನು ಹೂಂ ಅನ್ನುತ್ತಿದ್ದೆ. "ಸ್ವಲ್ಪ ಓಡಸ್ರಿ, ರಿಂಗ್ ತಾನ ಬಿಡತಾವ. ಬಿಡಲಿಲ್ಲಂದ್ರ ಆಮ್ಯಾಲ ನೋಡೂಣು" ಅಂದರು. ಓಡಿಸಿದ ಮೇಲೆ ಆ ಸಿಲಿಂಡರ್ 100 ದಾಟಿದೆ.

ಸ್ಟಾರ್ಟ್ ಮಾಡಿದ್ದು ಟ್ಯಾಂಕಿನಿಂದಲ್ಲ, ಬಾನೆಟ್ಟಿಗೆ ತೂಗುಹಾಕಿದ ಬಾಟಲಿಯ ಪೆಟ್ರೋಲಿನಿಂದ. ಗಲ್ಲಿ ತುಂಬ ನೀಲಿ ಹೊಗೆ. ಬಿಟ್ಟಿದ್ದ ಆಯಿಲ್ ಸುಟ್ಟು ಮುಗಿಯುತ್ತಲೇ ಹೊಗೆ ನಿಂತು, 1089 ಸಿಸಿಯ ಆ ಸಣ್ಣ ಎಂಜಿನ್ ಹದಕ್ಕೆ ಬಂತು.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ಫೋನ್ ಎತ್ತುವುದು ಅಪರೂಪ, ಖರ್ಚಿನ ಅಂದಾಜು ಬರೆದು ಕೊಡುವುದಿಲ್ಲ. ವಾಟರ್ ಪಂಪಿಗಂತೂ ಬಹಳ ಕಾಯಬೇಕಾಯಿತು. 2023ರ ಅಕ್ಟೋಬರಿಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಹೋದವಲ್ಲ, ಅಂದಿನಿಂದ ಸಾಮಾನು ತರಿಸುವವರೇ ಕಮ್ಮಿ ಅನ್ನುತ್ತಾರೆ. ಒಟ್ಟು ಬಿಲ್ 41,500 ರೂಪಾಯಿ, ಬ್ರೇಕ್ ಕೆಲಸವೂ ಸೇರಿ. ತೆಗೆದ ಹಳೇ ಸಾಮಾನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಕೊಟ್ಟರು. ನನಗೆ ಇದು ನ್ಯಾಯವಾದ ದರ.

ಟಿಂಕರಿಂಗ್, ಪೇಂಟಿಂಗ್ ಇಲ್ಲಿ ಮಾಡುವುದಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ರಿಜಿಸ್ಟ್ರೇಶನ್ ನವೀಕರಣಕ್ಕೆ ಆರ್.ಟಿ.ಒ.ಗೆ ನೀವೇ ಓಡಾಡಬೇಕು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಉಳಿದ ದಿನ ಹನ್ನೊಂದರ ಮೇಲೆ ಹೋದರೆ ಉಸ್ತಾದ್ ಸಿಗುತ್ತಾರೆ. ಗಾಡಿಯನ್ನು ಟೋ ಮಾಡಿಸಿಯೇ ತನ್ನಿ, ಮನೆ ಮುಂದೆ ಒಮ್ಮೆ ಸೆಲ್ಫ್ ಹೊಡೆದು ನೋಡೋಣ ಅಂತ ದಯವಿಟ್ಟು ಹೋಗಬೇಡಿ.