ಲಾವಾ ಬಂಡೆಯ ನಿವೇಶನಕ್ಕೆ ಯಂತ್ರ ಇಳಿಸುವ ಮುನ್ನ

ಹಿಂದೆಂದೋ ಲಾವಾ ಹರಿದು ಗಟ್ಟಿಯಾದ ನೆಲದಲ್ಲಿ ಒಂದು ಸಣ್ಣ ನಿವೇಶನವನ್ನು ಕೊಂಡು, ಅದನ್ನು ಸಮತಟ್ಟು ಮಾಡಿಸಲು ಹೋಗಿ ನಾನು ಅನುಭವಿಸಿದ ಕಷ್ಟನಷ್ಟವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಥ ನೆಲದಲ್ಲಿ ಮನೆ ಕಟ್ಟಿಸಲು ಹೊರಟವರು ಯಂತ್ರ ಕರೆಸುವ ಮೊದಲೇ ದಯವಿಟ್ಟು ಇದನ್ನು ಓದಬೇಕು.

ಜಾಗ ನೋಡಲು ಬಂದ ಗುತ್ತಿಗೆದಾರರು ಪೊದೆಗಳ ನಡುವೆ ಹತ್ತು ಹೆಜ್ಜೆ ಓಡಾಡಿ, ‘ಮರಗಳು ಇಷ್ಟು ಸೊಂಪಾಗಿ ಬೆಳೆದಿರುವಾಗ ಅಡಿಯಲ್ಲಿ ಮಣ್ಣು ಇದ್ದೇ ಇರುತ್ತದೆ, ಮೂರು ದಿನದ ಕೆಲಸ’ ಎಂದರು. ನಾನು ನಂಬಿ, ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡಲು ಬಾಯಿಮಾತಿನಲ್ಲೇ ಒಪ್ಪಿಕೊಂಡೆ. ಬುಲ್ಡೋಜರ್ ಮೊದಲ ಮರವನ್ನು ಕೆಡವಿದಾಗಲೇ ನಿಜ ಸ್ಥಿತಿ ಕಣ್ಣಿಗೆ ಬಿತ್ತು. ಬೇರುಗಳು ಆಳಕ್ಕೆ ಇಳಿಯದೆ ಚಾಪೆಯಂತೆ ಅಡ್ಡಕ್ಕೆ ಹೆಣೆದುಕೊಂಡಿದ್ದವು. ಆ ಚಾಪೆ ಮಗುಚಿದ ಜಾಗದಲ್ಲಿ ಒಂದು ಗೇಣು ಮಣ್ಣೂ ಇರದೆ, ಸಣ್ಣ ಸಣ್ಣ ತೂತುಗಳುಳ್ಳ ಕಪ್ಪು ಬಂಡೆ ಒದ್ದೆಯಾಗಿ ಹೊಳೆಯುತ್ತಿತ್ತು.

ಲಾವಾ ನೆಲವೆಲ್ಲ ಒಂದೇ ಬಗೆಯದಲ್ಲ. ಭೂವಿಜ್ಞಾನಿಗಳು ಹವಾಯಿ ಭಾಷೆಯಿಂದ ಪಡೆದ ಹೆಸರುಗಳಲ್ಲಿ, ನುಣುಪಾಗಿ ಹಗ್ಗದ ಸುರುಳಿಯಂತೆ ಕಾಣುವುದು ‘ಪಾಹೋಯಿಹೋಯಿ’, ಚೂಪು ಚೂರುಗಳ ರಾಶಿಯಂತೆ ಕಾಣುವುದು ‘ಆಆ’. ನಮ್ಮ ನಿವೇಶನದ ಮುಂಭಾಗದಲ್ಲಿ ಇದ್ದದ್ದು ಎರಡನೆಯದು, ಮೋಸ ಹೋದದ್ದೂ ಅಲ್ಲಿಯೇ. ಮೇಲಿನ ಸಡಿಲ ಚೂರುಗಳು ಬುಲ್ಡೋಜರಿಗೆ ಸಲೀಸಾಗಿ ಸರಿದುದರಿಂದ ಮೊದಲ ದಿನ ಎಲ್ಲರಿಗೂ ಉತ್ಸಾಹವಿತ್ತು. ಆದರೆ ಅದರ ಕೆಳಗೆ ನಿಧಾನವಾಗಿ ಆರಿ ಗಟ್ಟಿಯಾದ ಬಸಾಲ್ಟ್ ಎಂಬ ಕಪ್ಪು ಲಾವಾ ಶಿಲೆಯ ಪದರಕ್ಕೆ ಯಂತ್ರದ ಉಕ್ಕಿನ ಕೊಕ್ಕೆ ಬಿಳಿ ಗೀರು ಎಳೆದದ್ದನ್ನು ಬಿಟ್ಟರೆ ಬೇರೇನೂ ಮಾಡಲಾಗಲಿಲ್ಲ. ಬಂಡೆಯನ್ನು ಕುಟ್ಟಿ ಒಡೆಯುವ ಬ್ರೇಕರ್ ಯಂತ್ರವನ್ನು ತರಿಸಬೇಕಾಯಿತು. ಸೆಪ್ಟಿಕ್ ಟ್ಯಾಂಕಿನ ಗುಂಡಿಯೊಂದಕ್ಕೇ ನಾಲ್ಕು ದಿನ ಹಿಡಿಯಿತು, ಆ ಗಂಟೆಗಳೆಲ್ಲ ನನ್ನ ಲೆಕ್ಕಕ್ಕೇ ಬಂದವು.

ಒಡೆದ ಕಲ್ಲಿನ ವಿಚಾರವನ್ನು ಯಾರೂ ಮೊದಲೇ ಹೇಳಿರಲಿಲ್ಲ. ಬಂಡೆಯನ್ನು ಒಡೆದು ತೆಗೆದಾಗ ಅದು ನೆಲದೊಳಗೆ ಇದ್ದುದಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ, ಗಟ್ಟಿ ಬಸಾಲ್ಟ್ ಒಂದು ಘನ ಮೀಟರಿಗೆ ಮೂರು ಟನ್ನಿನ ಹತ್ತಿರ ತೂಗುತ್ತದೆ. ಚಿಕ್ಕ ನಿವೇಶನದಲ್ಲಿ ರಾಶಿ ಹಾಕಲು ಎಡೆಯಿಲ್ಲದೆ ಎಲ್ಲೆಯ ಗುರುತಿನ ಗೂಟಗಳು ಕಲ್ಲಿನಡಿ ಹುದುಗಿಹೋದವು. ಅಳತೆಯನ್ನು ಮತ್ತೊಮ್ಮೆ ಮಾಡಿಸಬೇಕಾಯಿತು.

ಎಲ್ಲಕ್ಕಿಂತ ಭಯವಾದದ್ದು ಹಿಂಭಾಗದ ನುಣುಪು ಬಂಡೆಯ ಮೇಲೆ. ಬ್ರೇಕರಿನ ಸದ್ದು ಇದ್ದಕ್ಕಿದ್ದಂತೆ ಟೊಳ್ಳಾಗಿ ಕೇಳತೊಡಗಿತು. ಚಾಲಕರು ಕೈ ತಡೆಯುವಷ್ಟರಲ್ಲಿ ಯಂತ್ರ ಉರುಳುವ ಉಕ್ಕಿನ ಪಟ್ಟಿಗಳಲ್ಲಿ ಒಂದು ಬದಿಯದು ನೆಲದೊಳಕ್ಕೆ ಕುಸಿಯಿತು. ಹರಿಯುವ ಲಾವಾದ ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಗಿನ ದ್ರವ ಮುಂದಕ್ಕೆ ಹರಿದು ಖಾಲಿಯಾದಾಗ ಉಳಿಯುವ ಸುರಂಗ ಅದು. ಅದರ ಚಾವಣಿ ಅಲ್ಲಿ ಮೊಳದಷ್ಟೂ ದಪ್ಪವಿರಲಿಲ್ಲ. ಚಾಲಕರು ಪ್ರಾಣಾಪಾಯವಿಲ್ಲದೆ ಇಳಿದು ಬಂದರು. ನಾನು ಗುರುತು ಹಾಕಿಸಿದ್ದ ಮಲಗುವ ಕೋಣೆ ನೇರವಾಗಿ ಅದೇ ಜಾಗದ ಮೇಲೆ ಬರುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ಪಾಯದ ಮೂಲೆಗಳಲ್ಲಿಯೂ ಗುಂಡಿ ತೋಡುವ ಜಾಗದಲ್ಲಿಯೂ ಮೊದಲು ರಂಧ್ರ ಕೊರೆಸಿ, ಬಂಡೆ ಎಷ್ಟು ಆಳದಲ್ಲಿದೆ, ಅದರಡಿ ಪೊಳ್ಳು ಇದೆಯೇ ಎಂದು ತಿಳಿದುಕೊಳ್ಳಿ. ಬಂಡೆ ಸಿಕ್ಕಿದರೆ ದರವೇನು, ಒಡೆದ ಕಲ್ಲನ್ನು ಸಾಗಿಸುವವರು ಯಾರು, ಪೊಳ್ಳು ಕಂಡರೆ ಕೆಲಸ ನಿಲ್ಲಿಸುವವರು ಯಾರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಸಾಧ್ಯವಿದ್ದಲ್ಲಿ ಬಂಡೆ ಕಡಿಯುವ ಬದಲು, ಜಲ್ಲಿಯನ್ನು ತೆಳು ಪದರಗಳಾಗಿ ಹರಡಿ ಪ್ರತಿ ಪದರವನ್ನೂ ದಮ್ಮಸು ಮಾಡಿಸಿ ನೆಲವನ್ನು ಎತ್ತರಿಸಿಕೊಳ್ಳಿ. ಬಿರುಕು ಬಂಡೆಯಲ್ಲಿ ಕೊಳಚೆ ನೀರು ಸೋಸದೆಯೇ ಅಂತರ್ಜಲಕ್ಕೆ ಇಳಿದುಬಿಡುವುದರಿಂದ ಸೆಪ್ಟಿಕ್ ವ್ಯವಸ್ಥೆಯನ್ನು ಬಲ್ಲವರಿಂದಲೇ ವಿನ್ಯಾಸ ಮಾಡಿಸಿ. ನಾನು ಈಗ ಸುರಂಗದ ಬಾಯಿಗೆ ಬೇಲಿ ಹಾಕಿಸಿ, ಮನೆಯ ನಕ್ಷೆಯನ್ನು ಮುಂಭಾಗಕ್ಕೆ ಸರಿಸಿದ್ದೇನೆ. ಅಲ್ಲಿನ ನಾಲ್ಕು ಮೂಲೆಗಳಲ್ಲಿ ರಂಧ್ರ ಕೊರೆಯುವ ಕೆಲಸ ಮುಗಿಯುವವರೆಗೆ ಬೇರೆ ಯಾವ ಯಂತ್ರವನ್ನೂ ಒಳಗೆ ಬಿಡುವುದಿಲ್ಲ.